ಖಾಲಿ ಬೆನ್ನಿನ ಜರ್ಸಿ

ನಮ್ಮ ತಂಡದ ಜರ್ಸಿಯ ಬೆನ್ನು ವರ್ಷಗಟ್ಟಲೆ ಖಾಲಿ ಇದ್ದದ್ದು ಚಂದಕ್ಕಾಗಿ ಅಲ್ಲ, ನನ್ನ ಹೆದರಿಕೆಗಾಗಿ. ಆಮೇಲೆ ಆ ಬೆನ್ನಿನ ಮೇಲೆ ಊರ ಹೆಸರುಗಳು ಬಂದದ್ದೂ ಊರಿನ ಅಭಿಮಾನಕ್ಕಾಗಿ ಅಲ್ಲ — ಅದೂ ನನ್ನ ಹೆದರಿಕೆಗಾಗಿಯೇ. ಈ ಎರಡು ಸುಳ್ಳುಗಳ ಮೇಲೆ ನಿಂತು ನಾನು ಸಾಕಷ್ಟು ಹಾರ, ಶಾಲು ಹಾಕಿಸಿಕೊಂಡಿದ್ದೇನೆ. ಅವುಗಳನ್ನು ಉಳಿಸಿಕೊಳ್ಳಲು ಒಂದು ದಿನ, ಬೆಳಗಾವಿಯ ಮೈದಾನದ ತಂತಿಬೇಲಿಯ ಹತ್ತಿರ, ಹಾಡಹಗಲಿನಲ್ಲಿ, ಒಡಹುಟ್ಟಿದ ಅಣ್ಣನಿಗೆ "ಯಾರ್ರಿ ನೀವು?" ಎಂದು ಕೇಳಿದ್ದೇನೆ.

ಬರೆದುಬಿಟ್ಟೆ. ಇಷ್ಟು ಚಿಕ್ಕ ಮಾತು ನನ್ನ ಬಾಯಿಂದ ಹೇಗೆ ಹೊರಟಿತು ಎಂದು ಈಗಲೂ ದಂಗಾಗುತ್ತೇನೆ.

ಮಲಪ್ರಭಾ ಮಹಿಳಾ ಹಾಕಿ ತಂಡದ ಬೈಲಹೊಂಗಲದ ಕಚೇರಿಯಲ್ಲಿ ಈಗ ಒಂದು ಗೋಡೆಯ ತುಂಬ ಜರ್ಸಿಗಳನ್ನು ಗಾಜಿನೊಳಗೆ ತೂಗುಹಾಕುತ್ತಿದ್ದಾರೆ. ಮೊದಲ ಹಂಗಾಮಿನಿಂದ ಇಂದಿನವರೆಗಿನ ಎಲ್ಲವನ್ನೂ. ಅದರ ಪಕ್ಕದಲ್ಲಿ ಹಾಕಲು ಜರ್ಸಿ ಹೇಗೆ ಬೆಳೆಯಿತು ಎಂದು ಬರೆದುಕೊಡಿ ಅಂತ ತಂಡದ ಮಾಲೀಕರಾದ ಅಂಗಡಿ ಸಾಹೇಬರು ನನ್ನನ್ನು ಕೇಳಿದರು. ಕೇಳುವುದು ಸಹಜವೇ. ತಂಡ ಹುಟ್ಟಿದಾಗಿನಿಂದ ನಾನು ಅದರ ಮ್ಯಾನೇಜರ್. ಅದಕ್ಕೂ ಮೊದಲು ಶಾಲೆಯಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದೆ, ಚಿತ್ರ ಬಿಡಿಸುವ ಕೈ ಇತ್ತು. ಹೀಗಾಗಿ ಜರ್ಸಿಯ ಬಣ್ಣ, ಗೆರೆ, ಕಾಲರು ಎಲ್ಲವೂ ನನ್ನ ಕೈಯಿಂದಲೇ ಬಂದವು. ಒಂದು ಪುಟ ಬರೆದಿದ್ದರೆ ಸಾಕಿತ್ತು. ಕುಳಿತೆ. ಬಣ್ಣದ ಬಗ್ಗೆ ಬರೆದೆ, ಬಟ್ಟೆಯ ಬಗ್ಗೆ ಬರೆದೆ. ಬೆನ್ನಿನ ಹತ್ತಿರ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ.

ಬೈಲಹೊಂಗಲದಲ್ಲಿ ಎಲ್ಲರೂ ನನ್ನನ್ನು ಮನೋಳಿ ಸರ್ ಎನ್ನುತ್ತಾರೆ. ಮನೋಳಿ ನನ್ನ ಊರು. ಸವದತ್ತಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಗೆ ಇದೆ. ನಮ್ಮ ಮನೆತನದ ಅಡ್ಡಹೆಸರು ಚಲವಾದಿ. ಮಠದ ಅಯ್ಯನವರ ಮೆರವಣಿಗೆ ಹೊರಟರೆ ಗಂಟೆ ಬಾರಿಸುತ್ತ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ನಮ್ಮ ಮುತ್ಯಾ, ಅಜ್ಜ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ಊಟಕ್ಕೆ ಎಲ್ಲರಿಗಿಂತ ಹಿಂದೆ, ಅದೂ ಹೊರಗೆ. ನಮ್ಮ ಭಾಗದಲ್ಲಿ ಅಡ್ಡಹೆಸರು ಒಂದನ್ನು ಕೇಳಿದರೆ ಸಾಕು, ಮನುಷ್ಯನನ್ನು ಎಲ್ಲಿ ಕೂರಿಸಬೇಕು, ಯಾವ ವಾಟಗದಲ್ಲಿ ನೀರು ಕೊಡಬೇಕು ಎಂಬುದೆಲ್ಲ ಒಂದೇ ಏಟಿಗೆ ತಿಳಿದುಹೋಗುತ್ತದೆ. ಆದರೆ ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಜನವೂ ಇಲ್ಲಿ ಬೇಕಾದಷ್ಟಿದೆ, ಎಲ್ಲ ಜಾತಿಗಳಲ್ಲೂ. ಅಂಥ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಕಾಲೇಜಿಗೆಂದು ಬೈಲಹೊಂಗಲಕ್ಕೆ ಬಂದಾಗ ಜೊತೆಗೆ ಹಾಕಿ ಆಡುವ ಹುಡುಗರು ನನ್ನನ್ನು ಮನೋಳಿ ಎಂದು ಕರೆದರು. ನಾನು ತಿದ್ದಲಿಲ್ಲ. ಒಬ್ಬ ಗೆಳೆಯ ಮನೆಗೆ ಕರೆದುಕೊಂಡು ಹೋದ. ಅವನ ತಾಯಿ ಒಲೆಯ ಮುಂದೆಯೇ ಮಣೆ ಹಾಕಿ, ಬಿಸಿ ರೊಟ್ಟಿ ಬಡಿಸುತ್ತ, "ಯಾರ ಪೈಕಿ ಅಪ್ಪಾ ನೀ?" ಎಂದರು. "ಮನೋಳಿಯವರ ಪೈಕಿರಿ" ಎಂದೆ. ಅವರು ಇನ್ನೊಂದು ರೊಟ್ಟಿ ಹಾಕಿದರು. ಆ ರೊಟ್ಟಿ ಎಷ್ಟು ರುಚಿಯಾಗಿತ್ತು ಎಂದರೆ — ಇಲ್ಲ, ರುಚಿಯ ಮಾತು ಬೇಡ. ಅಡುಗೆಮನೆಯೊಳಗೆ ಕೂತು ಉಣ್ಣುವುದು ನನಗೆ ಹೊಸದಾಗಿತ್ತು. ಅಲ್ಲಿಂದ ಎದ್ದು ಹೊರಗೆ ಹೋಗುವ ಮನಸ್ಸು ನನಗೆ ಮತ್ತೆಂದೂ ಬರಲಿಲ್ಲ.

ಕೆಲಸ ಸಿಗುವ ಹೊತ್ತಿಗೆ ಹೆಸರನ್ನು ಕಾಯಂ ಮಾಡಿಸಿಕೊಂಡೆ. ಒಳ್ಳೆಯ ಓಣಿಯಲ್ಲಿ ಮನೆ ಹಿಡಿದೆ. ಮದುವೆಯಾಗಲಿಲ್ಲ, ಮದುವೆಯಾದರೆ ಎರಡೂ ಕಡೆಯ ಬೀಗರು ಒಂದು ಚಪ್ಪರದ ಕೆಳಗೆ ಸೇರಬೇಕಾಗುತ್ತದಲ್ಲ.

ನನಗಿರುವುದು ಒಬ್ಬನೇ ಅಣ್ಣ, ದುರಗಪ್ಪ. ಮನೋಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಚಲವಾದಿ ಮೋಟಾರ್ ರಿವೈಂಡಿಂಗ್' ಎಂಬ ಬೋರ್ಡು. ಅವನೀಗ ಬುದ್ಧನನ್ನು ನಂಬಿದವನು. ದೇವರನ್ನು ಬದಲಿಸಿದ, ಹೆಸರನ್ನು ಬದಲಿಸಲಿಲ್ಲ. ನಾವಿಬ್ಬರೂ ಭೇಟಿಯಾಗುತ್ತಿದ್ದದ್ದು ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲೇ ಚಹಾ, ಅಲ್ಲೇ ಮಾತು, ಅವನು ತಂದ ಬುತ್ತಿ, ಮತ್ತೆ ಅವನ ಬಸ್ಸು ಅವನಿಗೆ, ನನ್ನ ಬಸ್ಸು ನನಗೆ. ಬೈಲಹೊಂಗಲಕ್ಕೆ ಬರಬೇಡ ಎಂದು ನಾನು ಅವನಿಗೆ ಎಂದೂ ಹೇಳಲಿಲ್ಲ. ಹೇಳಬೇಕಾದ ಪ್ರಸಂಗವನ್ನೇ ಅವನು ತರಲಿಲ್ಲ. ಒಮ್ಮೆ ಮಾತ್ರ ಕೇಳಿದ್ದ: "ಮುತ್ಯಾ ಗಂಟಿ ಹಿಡದು ಎಲ್ಲಾರ ಮುಂದ ನಡದಾನ. ನೀ ಯಾಕ ಮುಚ್ಚಿಟಗೊಂಡು ಹಿಂದ ನಿಂತಿ?" ನಾನು ಬಸ್ಸು ಬಂತು ಎಂದೆ.

ಅಣ್ಣನೂ ಹಾಕಿ ಆಡಿದವನು, ನನಗಿಂತ ಚೆನ್ನಾಗಿ. ಶಾಲೆಯಲ್ಲಿದ್ದಾಗ ತಾಲೂಕಿನ ತಂಡಕ್ಕೆ ಆರಿಸಿದ್ದರು. ಹೊಸ ಅಂಗಿ ಕೊಟ್ಟು, ಎಲ್ಲರ ಪೂರ್ತಿ ಹೆಸರುಗಳನ್ನು ಕೂಗಿ ಓದಿದರು. ಆಟ ಮುಗಿದು ಊಟಕ್ಕೆ ಕೂರುವಾಗ ಅವನ ತಾಟನ್ನು ಮಾತ್ರ ಹೊರಗೆ, ಗಿಡದ ಬುಡಕ್ಕೆ ಇಟ್ಟಿದ್ದರು. ಅಣ್ಣ ಉಣ್ಣಲಿಲ್ಲ. ಅಂಗಿ ಬಿಚ್ಚಿ, ಮಡಚಿ, ಅವರ ಮುಂದಿಟ್ಟು ಬರಿಮೈಯಲ್ಲಿ ಮನೆಗೆ ಬಂದ. ಅವ್ವ ಅತ್ತಳು. ಚಿಕ್ಕವನಾಗಿದ್ದ ನಾನು ಬಾಗಿಲಿಗೆ ಆತು ನಿಂತು ನೋಡುತ್ತಿದ್ದೆ. ಅಣ್ಣ ಅಂದು ಅಂಗಿ ಬಿಟ್ಟ. ನಾನು ಮುಂದೆ ಹೆಸರನ್ನೇ ಬಿಟ್ಟೆ.

ಇನ್ನು ಜರ್ಸಿಯ ಕಥೆ.

ಮೊದಲ ಹಂಗಾಮಿನಲ್ಲಿ ನಮ್ಮದು ಹೆಸರಿಗೆ ಮಾತ್ರ ವೃತ್ತಿಪರ ತಂಡ. ಬೆಳಗಾವಿಯ ಒಂದು ಅಂಗಡಿಯಿಂದ ಕಾಲರಿದ್ದ ಕುಂಕುಮ ಬಣ್ಣದ ಟೀ ಶರ್ಟುಗಳನ್ನು ತಂದು, ಬೆನ್ನಿಗೆ ಇಸ್ತ್ರಿಪೆಟ್ಟಿಗೆಯಿಂದ ನಂಬರು ಅಂಟಿಸಿದೆವು. ಬೆವರಿಗೆ, ಒಗೆತಕ್ಕೆ ನಂಬರುಗಳು ಸುಲಿದುಕೊಂಡು ಹೋಗುತ್ತಿದ್ದವು. ನಮ್ಮ ನಾಯಕಿ ಸುನೀತಾ ಉಳ್ಳಾಗಡ್ಡಿ ಎಂಟನೇ ನಂಬರಿನವಳಾಗಿ ಮೈದಾನಕ್ಕಿಳಿದು ಮೂರನೇ ನಂಬರಿನವಳಾಗಿ ಹೊರಬಂದಳು. ಅಂಪೈರು ಗೊಂದಲಕ್ಕೆ ಬಿದ್ದು ಬೇರೆ ಹುಡುಗಿಗೆ ಕಾರ್ಡು ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಎರಡನೇ ಹಂಗಾಮಿಗೆ ಬಣ್ಣವನ್ನು ಬಟ್ಟೆಯೊಳಗೇ ಇಳಿಸುವ ಮುದ್ರಣ ಬಂತು. ಕುಂಕುಮದ ಜೊತೆಗೆ ಭಂಡಾರದ ಅರಿಶಿಣ ಬಣ್ಣ ಸೇರಿಸಿದೆ. ಸವದತ್ತಿ ಗುಡ್ಡ ಕಂಡು ಬೆಳೆದವರಿಗೆ ಆ ಎರಡು ಬಣ್ಣ ಜೋಡಿಯಾಗಿ ಬಂದರೆ ಬೇರೆ ವಿವರಣೆ ಬೇಕಿಲ್ಲ. ಹುಡುಗಿಯರ ತಾಯಂದಿರು ಜರ್ಸಿಯನ್ನು ಕಣ್ಣಿಗೊತ್ತಿಕೊಂಡರು. ಮುಂದೆ ಕಾಲರು ಹೋಗಿ ವಿ ಆಕಾರದ ಕೊರಳು ಬಂತು. ಹೆಗಲ ಮೇಲೆ ಕಿತ್ತೂರು ಕೋಟೆಗೋಡೆಯ ತುದಿಯ ತೆನೆಗಳ ಸಾಲು ಬಂತು. ಎಡಗಡೆಯಿಂದ ಕೆಳಗಿಳಿಯುವ ಒಂದು ಡೊಂಕು ಗೆರೆಯನ್ನು ಮಲಪ್ರಭೆ ಎಂದೆ. ಇವಿಷ್ಟನ್ನೂ ನಾನು ಮನಸಾರೆ ಮಾಡಿದ್ದೇನೆ, ಇದರಲ್ಲಿ ಕಪಟವಿಲ್ಲ.

ಬೆನ್ನಿನ ವಿಷಯ ಬೇರೆ. ಮೂರನೇ ಹಂಗಾಮಿನಲ್ಲೇ ಅಂಗಡಿ ಸಾಹೇಬರು ಬೆನ್ನ ಮೇಲೆ ಆಟಗಾರ್ತಿಯರ ಅಡ್ಡಹೆಸರು ಹಾಕೋಣ ಎಂದಿದ್ದರು. ನಾನು ಹೆದರಿದೆ. ತಂಡದಲ್ಲಿ ಆಗ ಚಲವಾದಿ ಎನ್ನುವವರು ಯಾರೂ ಇರಲಿಲ್ಲ. ಆದರೂ — ಒಮ್ಮೆ ಬೆನ್ನ ಮೇಲೆ ಅಡ್ಡಹೆಸರು ಬರಲು ಶುರುವಾದರೆ ಅಡ್ಡಹೆಸರಿನ ಮಾತು ಶುರುವಾಗುತ್ತದೆ, ಯಾರು ಯಾರ ಪೈಕಿ ಎಂಬ ಲೆಕ್ಕ ಶುರುವಾಗುತ್ತದೆ, ಅದು ಸುತ್ತಿ ಬಳಸಿ ಮನೋಳಿ ಸರ್‌ ಹತ್ತಿರ ಬಂದೇ ಬರುತ್ತದೆ. ಅಕ್ಷರ ಹೆಚ್ಚಾದರೆ ಬಟ್ಟೆಗೆ ಗಾಳಿಯಾಡುವುದಿಲ್ಲ ಎಂದೆ. ದೂರದಿಂದ ನಂಬರು ಕಾಣುವುದಿಲ್ಲ ಎಂದೆ. ಖಾಲಿ ಜಾಗವೇ ಚಂದ ಎಂದೆ. ಸಾಹೇಬರು ಒಪ್ಪಿದರು. ಪತ್ರಿಕೆಯವರು ಬಂದು, ಎಲ್ಲರೂ ಬೆನ್ನ ಮೇಲೆ ತುಂಬುವ ಕಾಲದಲ್ಲಿ ಖಾಲಿ ಬಿಡುವ ಧೈರ್ಯ ಎಂದು ಬರೆದರು. ಧೈರ್ಯವಂತೆ! ಆ ಕತ್ತರಿಸಿದ ಪುಟವನ್ನು ನಾನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿಕೊಂಡೆ.

ಮುಂದೊಂದು ವರ್ಷ ರಾಮದುರ್ಗದ ಕಾಲೇಜು ಮೈದಾನದಲ್ಲಿ ಹೊಸಬರ ಆಯ್ಕೆ ನಡೆಸಿದೆವು. ಒಬ್ಬ ಹುಡುಗಿ ಬಲಗಡೆಯಿಂದ ಚೆಂಡು ತಂದು, ಇಬ್ಬರನ್ನು ತಪ್ಪಿಸಿ, ಗೋಲಿಗೆ ಬಾರಿಸಿದಳು. ಬಾರಿಸುವ ಮುಂಚೆ ಎಡ ಭುಜವನ್ನು ಸ್ವಲ್ಪ ಇಳಿಸುವ ಆ ರೀತಿ — ಅದನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ನೆನಪಾಗುವಷ್ಟರಲ್ಲಿ ಅವಳೇ ಓಡಿಬಂದಳು. ಅಣ್ಣನ ಮಗಳು ರೇಣುಕಾ. ಚಿಕ್ಕವಳಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದು. ಇಷ್ಟೆತ್ತರ ಬೆಳೆದಿದ್ದಾಳೆಂದು, ಹಾಕಿ ಆಡುತ್ತಾಳೆಂದು ಅಣ್ಣ ನನಗೆ ಹೇಳಿರಲಿಲ್ಲ. ನನ್ನ ಶಿಫಾರಸಿನಿಂದ ಬಂದಳು ಎನ್ನಿಸಿಕೊಳ್ಳಬಾರದೆಂದು ಹೇಳಿರಲಿಲ್ಲವಂತೆ. ಮುಖದ ತುಂಬ ನಗು, "ಕಾಕಾ!" ಎಂದಳು.

ಪಕ್ಕದಲ್ಲಿ ಕೋಚು ಇದ್ದರು. "ಕಾಕಾ ಗೀಕಾ ಯಾರೂ ಇಲ್ಲಿಲ್ಲ. ಸರ್ ಅನ್ನು" ಎಂದೆ. ಅವಳ ನಗು ಒಮ್ಮೆಲೇ ನಿಂತಿತು. "ಹೂಂನ್ರಿ ಸರ್" ಎಂದಳು. ಆಯ್ಕೆಯಾಗಿ ತಂಡಕ್ಕೆ ಬಂದ ಮೇಲೂ ಒಮ್ಮೆಯೂ ತಪ್ಪಿ ಕಾಕಾ ಎನ್ನಲಿಲ್ಲ.

ಅದೇ ವರ್ಷ ಲೀಗಿನವರು ಬೆನ್ನ ಮೇಲೆ ಹೆಸರು ಇರಲೇಬೇಕೆಂದು ನಿಯಮ ಮಾಡಿದರು. ಟಿವಿಯಲ್ಲಿ ನೋಡುವವರಿಗೆ ಯಾರು ಯಾರೆಂದು ತಿಳಿಯಬೇಕಂತೆ. ಕಚೇರಿಯಲ್ಲಿ ಸಭೆ ಸೇರಿತು — ಅಂಗಡಿ ಸಾಹೇಬರು, ನಾಯಕಿ ಸುನೀತಾ, ನಾನು.

"ಎಲ್ಲಾ ಟೀಮಿನ್ಯಾಗೂ ಅಡ್ಡಹೆಸರು ಹಾಕತಾರ್ರಿ. ನಾವೂ ಹಾಕೂಣು" ಎಂದರು ಸಾಹೇಬರು.

"ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಟ್ಟಿನ — ಹೊರಗಿನವರು ಓದಿ ನಗ್ತಾರ್ರಿ ಸಾಹೇಬ್ರ. ಮೈದಾನ ಸಂತಿ ಆದಂಗ ಕಾಣತೈತಿ" ಎಂದೆ ನಾನು.

ಸುನೀತಾ ಬಿಡಲಿಲ್ಲ. "ನಗಲಿ ಬಿಡ್ರಿ ಸರ್. ಎರಡು ಗೋಲ್ ಬಿದ್ದ ಮ್ಯಾಲ ಉಳ್ಳಾಗಡ್ಡಿ ಹೆಚ್ಚಿದವರಂಗ ಅವರ ಅಳ್ತಾರ!"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗು ಮುಗಿಯುವಷ್ಟರಲ್ಲಿ ನನ್ನ ನಾಲಿಗೆ ತಾನೇ ಒಂದು ದಾರಿ ಹುಡುಕಿತ್ತು. ಅಡ್ಡಹೆಸರು ಬೇಡ, ಒಬ್ಬೊಬ್ಬಳ ಬೆನ್ನ ಮೇಲೂ ಅವಳ ಊರ ಹೆಸರು ಹಾಕೋಣ — ರಾಮದುರ್ಗ, ಕಿತ್ತೂರು, ಸವದತ್ತಿ, ಬೈಲಹೊಂಗಲ — ಕನ್ನಡ ಅಕ್ಷರದಲ್ಲಿ. ನಮ್ಮ ಹುಡುಗಿಯರು ಊರನ್ನು ಬೆನ್ನ ಮೇಲೆ ಹೊತ್ತು ಆಡುತ್ತಾರೆ ಎಂದೆ. ಎಂಥ ಮಾತು! ಸಾಹೇಬರು ಎದ್ದು ಬಂದು ಕೈ ಕುಲುಕಿದರು. ಲೀಗಿನವರೂ ಒಪ್ಪಿದರು. ಅಲ್ಲಿ ನನಗೊಂದೇ ಸಮಾಧಾನವಿತ್ತು. ರೇಣುಕಾಳ ಬೆನ್ನ ಮೇಲೆ ಬರುವುದು ಮನೋಳಿ.

ಕಿತ್ತೂರಿನ ತರಬೇತಿ ಶಿಬಿರದಲ್ಲಿ ಜರ್ಸಿ ಹಂಚುವ ಮುಂಚೆ ಅವಳು ನನ್ನ ಹತ್ತಿರ ಬಂದಳು. "ಸರ್, ಹಿಂದ ನಮ್ಮ ಹೆಸರು ಬರತೈತಿ ಅಂತ ಅಪ್ಪಗ ಹೇಳೇನ್ರಿ. ಮ್ಯಾಚಿಗೆ ಬರಾಕ ಹೊಸ ಅಂಗಿ ಹೊಲಿಸ್ಯಾನ" ಎಂದಳು. ಅವಳ ಕಣ್ಣಲ್ಲಿ ಎಷ್ಟು ಆಸೆ ಇತ್ತೆಂದರೆ, ಆ ಕ್ಷಣ ನಿಜವನ್ನು ಹೇಳಿಬಿಡಬೇಕಾಗಿತ್ತು. ಅಥವಾ ಆ ಒಂದು ಜರ್ಸಿಯನ್ನಾದರೂ ಬದಲಿಸಬೇಕಾಗಿತ್ತು. ನಾನು ಮಾಡಿದ್ದೇನು? ಊರ ಹೆಸರು ದೊಡ್ಡದು, ಅಪ್ಪನಿಗೆ ತಿಳಿಸಿ ಹೇಳು ಎಂದೆ. ಅವಳು ಹೇಳಲಿಲ್ಲ. ಹೊಸ ಅಂಗಿ ಹೊಲಿಸಿಕೊಂಡವನಿಗೆ ಯಾವ ಮಗಳು ಹೇಳಿಯಾಳು?

ಬೆಳಗಾವಿಯಲ್ಲಿ ಪಂದ್ಯ. ಮೈದಾನ ತುಂಬಿತ್ತು. ನಮ್ಮ ಹುಡುಗಿಯರ ಊರುಗಳಿಂದೆಲ್ಲ ಟೆಂಪೋ ಮಾಡಿಕೊಂಡು ಜನ ಬಂದಿದ್ದರು. ಎರಡನೇ ಅವಧಿಯಲ್ಲಿ ರೇಣುಕಾ ಭುಜ ಇಳಿಸಿ ಬಾರಿಸಿದಳು, ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ನಮಗೂ ಕೇಳಿಸಿತು. ಇಡೀ ಜನ ಎದ್ದು ನಿಂತು ಅವಳ ಬೆನ್ನಿನ ಅಕ್ಷರ ಓದಿ ಕೂಗತೊಡಗಿತು: "ಮನೋಳಿ! ಮನೋಳಿ!"

ಅಂಗಡಿ ಸಾಹೇಬರು ನನ್ನ ಬೆನ್ನಿಗೆ ಬಾರಿಸಿ, "ಏನ್ರಿ ಮನೋಳಿ ಸರ್, ಇಡೀ ಮೈದಾನ ನಿಮ್ಮ ಹೆಸರು ಕೂಗಾಕತ್ತೈತಲ್ರಿ!" ಎಂದರು. ನಾನು ನಕ್ಕೆ. ಆಗಲೇ ಬೇಲಿಯ ಆಚೆಯಿಂದ ಕೇಳಿಸಿತು.

"ಶಿವಾ."

ಬೈಲಹೊಂಗಲದವರು ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ. ತಿರುಗಿದೆ. ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ಅಣ್ಣ ನಿಂತಿದ್ದ. ತಂತಿಯನ್ನು ಬೆರಳಿನಿಂದ ಹಿಡಿದಿದ್ದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ತಿಳಿಯದವನು ಕೇಳುವ ಹಾಗೆ ಕೇಳಿದ: "ಶಿವಾ, ಹುಡುಗಿ ಬೆನ್ನ ಮ್ಯಾಲ ಅದು ಯಾರ ಹೆಸರೋ?"

ಸಾಹೇಬರು ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಯಾರ್ರಿ ನೀವು?" ಎಂದೆ.

ಅದು ನನ್ನ ಧ್ವನಿಯೇ. ಬೇರೆ ಯಾರೋ ಮಾತಾಡಿದರು ಎಂದು ಎಷ್ಟು ಸಲ ನಂಬಲು ನೋಡಿದ್ದೇನೆ — ಆಗಿಲ್ಲ. ಅಣ್ಣನ ಬೆರಳುಗಳು ತಂತಿಯಿಂದ ಒಂದೊಂದಾಗಿ ಬಿಟ್ಟುಕೊಂಡವು. ಅವನು ನನ್ನನ್ನು ನೋಡಿದ. ನೋಡಿ, ನನಗೆ ಏನು ಬೇಕು ಎಂಬುದನ್ನು ಅರ್ಥ ಮಾಡಿಕೊಂಡ. ಅವನು ಯಾವತ್ತೂ ಹಾಗೆಯೇ, ನನಗೆ ಏನು ಬೇಕೆಂಬುದು ನನಗಿಂತ ಮೊದಲು ಅವನಿಗೆ ತಿಳಿಯುತ್ತದೆ.

"ತಪ್ಪಾತ್ರಿ ಸಾಹೇಬ್ರ" ಎಂದ. "ರೇಣುಕಾನ ಅಪ್ಪ ಅದೇನ್ರಿ. ನಿಮ್ಮನ್ನ ಬ್ಯಾರೆ ಯಾರೋ ಅಂತ ತಿಳದೆ."

ನನ್ನನ್ನು ಎತ್ತಿ ಆಡಿಸಿದ ಅಣ್ಣ ನನಗೆ ಸಾಹೇಬ್ರ ಎಂದ. ಆದರೂ ನಾನು ತಿದ್ದಲಿಲ್ಲ. ಅವನು ತಿರುಗಿ ತನ್ನ ಜಾಗಕ್ಕೆ ಹೋಗಿ ಕೂತ. ಎದ್ದು ಊರಿಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಪಂದ್ಯವನ್ನು ಕೊನೆಯ ತನಕ ನೋಡಿದ. ಮಗಳು ಚೆಂಡು ಮುಟ್ಟಿದಾಗಲೆಲ್ಲ ಚಪ್ಪಾಳೆ ಹೊಡೆದ. ಸುತ್ತಲಿನವರು ಮನೋಳಿ ಎಂದು ಕೂಗುವಾಗ ಮಾತ್ರ ಸುಮ್ಮನಿದ್ದ. ನಾನು ಆಟ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದೆ.

ಮರುದಿನ ಅಭ್ಯಾಸಕ್ಕೆ ಬಂದ ರೇಣುಕಾ ಸ್ಟಿಕ್ಕು ಕೆಳಗಿಟ್ಟು ನನ್ನೆದುರು ನಿಂತಳು. ಸುತ್ತ ಯಾರೂ ಇರಲಿಲ್ಲ. ಯಾರೂ ಇಲ್ಲದ ಹೊತ್ತನ್ನೇ ಅವಳು ಆರಿಸಿಕೊಂಡಿದ್ದಳು, ನನ್ನ ಸಲುವಾಗಿ.

"ಸರ್, ಇನ್ನ ಮ್ಯಾಲೆ ನಮ್ಮ ಅಪ್ಪ ನಿಮ್ಮನ್ನ ಏನಂತ ಕರೀಬೇಕ್ರಿ?"

"ಅಭ್ಯಾಸಕ್ಕ ಹೊತ್ತಾತು" ಎಂದೆ.

ಊರ ಹೆಸರಿನ ಜರ್ಸಿ ಭಾರಿ ಹೆಸರು ಮಾಡಿತು. ರಾಮದುರ್ಗದ ಪೇಟೆಯಲ್ಲಿ, ಕಿತ್ತೂರಿನ ಕೋಟೆ ಮುಂದೆ ಅದನ್ನು ತೊಟ್ಟವರು ಸಿಗತೊಡಗಿದರು. ನನ್ನನ್ನು ಸಭೆಗಳಿಗೆ ಕರೆದು, ಶಾಲು ಹೊದಿಸಿ, ಊರಿನ ಋಣ ತೀರಿಸಿದ ಕಲಾವಿದ ಎಂದರು. ಭಾಷಣಗಳಲ್ಲಿ ನಾನು ಕಣ್ಣೀರನ್ನೂ ಹಾಕಿದ್ದುಂಟು. ಸವದತ್ತಿಯ ಬಸ್‌ಸ್ಟ್ಯಾಂಡಿಗೆ ಅಣ್ಣ ಮತ್ತೆ ಬರಲಿಲ್ಲ. ಬಾ ಎನ್ನುವ ಮುಖ ನನಗೂ ಇರಲಿಲ್ಲ.

ಕರಾರು ಮುಗಿದ ಮೇಲೆ ರೇಣುಕಾ ದೂರದ ಊರಿನ ತಂಡಕ್ಕೆ ಹೋದಳು. ಕಳೆದ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಫೋನಿನಲ್ಲಿ ಅವಳ ಪಂದ್ಯ ಹಾಕಿಕೊಂಡು ಕೂತಿದ್ದೆ. ನೀಲಿ ಜರ್ಸಿ. ಅವಳು ಚೆಂಡು ತರಲು ಕ್ಯಾಮೆರಾಕ್ಕೆ ಬೆನ್ನು ಮಾಡಿ ನ‌ಡೆದಳು. ಬೆನ್ನ ಮೇಲೆ, ಈ ಭುಜದಿಂದ ಆ ಭುಜದ ತನಕ, ಚಲವಾದಿ.

ನಾನು ತಟ್ಟನೆ ಎದ್ದು ಬಾಗಿಲು ಹಾಕಿದೆ. ನನ್ನ ಮನೆಯಲ್ಲಿ, ಒಬ್ಬನೇ ಇರುವಾಗ, ಬಾಗಿಲು ಹಾಕಿದೆ! ಆಮೇಲೆ ನಿಂತುಕೊಂಡೇ ನೋಡಿದೆ. ವಿವರಣೆ ಹೇಳುವವನು ಎಲ್ಲಿಯವನೋ, ನಾಲಿಗೆ ತಿರುಗದೆ ಏನೇನೋ ಮಾಡಿ ಆ ಹೆಸರು ಹೇಳಿದ. ಮತ್ತೆ ಮತ್ತೆ ಹೇಳಿದ, ಉಳಿದವರ ಹೆಸರು ಹೇಳಿದ ಹಾಗೆಯೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಫೋನಿನಲ್ಲಿ ಪಂದ್ಯದ ಕೆಳಗೆ ಕೆಲವರು ಹೊಲಸು ಮಾತು ಬರೆದಿದ್ದರು, ಸುಳ್ಳೇಕೆ ಹೇಳಲಿ. ಅವಳು ಮುಂದಿನ ವಾರವೂ ಅದೇ ಹೆಸರು ತೊಟ್ಟು ಆಡಿದಳು. ನಾನು ಇಡೀ ಜೀವಮಾನ ಯಾವುದನ್ನು ಮುಚ್ಚಲು ಒದ್ದಾಡಿದೆನೋ ಅದನ್ನು ಆ ಹುಡುಗಿ ಬೆನ್ನಿಗೆ ಹಾಕಿಕೊಂಡು ಓಡುತ್ತಿದ್ದಳು.

ಆ ಗಾಜಿನ ಗೋಡೆಗೆ ಬರೆಯಲು ಕೂತಾಗ ನೆನಪಾದದ್ದು ಇದು. ಅವಳಿಗೆ ಫೋನು ಮಾಡಿದೆ. ನಿನ್ನ ಹೆಸರು ಹಾಕಿ ನಡೆದದ್ದೆಲ್ಲ ಬರೆಯಲೇ ಎಂದು ಕೇಳಿದೆ. ಅವಳು ಅಂದಳು: "ಬರೀರಿ ಸರ್. ಆದ್ರ ಪೂರ್ತಿ ಬರೀರಿ. ಅರ್ಧಾ ಬರದು ಮತ್ತ ಶಾಲು ಹೊದಿಸಿಕೋಬ್ಯಾಡ್ರಿ."

ಬೇಲಿಯ ತನಕ ಬರೆದದ್ದನ್ನು ಒಯ್ದು ಅಂಗಡಿ ಸಾಹೇಬರ ಕೈಗೆ ಕೊಟ್ಟೆ. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ತಮ್ಮ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಅವರು ಓದಿದರು. ನಾನು ಎದುರಿಗೆ ನಿಂತಿದ್ದೆ. ಇಂದಿಗೆ ಈ ಮನುಷ್ಯನ ಮನೆಯ ಅಡುಗೆಮನೆಗೂ ನನಗೂ ಸಂಬಂಧ ಮುಗಿಯಿತು ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಇದು ನನಗ ಅವತ್ತ ತಿಳದಿತ್ರಿ."

ನನಗೆ ಅರ್ಥವಾಗಲಿಲ್ಲ. "ಏನು ತಿಳದಿತ್ರಿ?"

"ಅವರು ನಿಮ್ಮ ಅಣ್ಣ ಅಂತ. ಇಬ್ಬರ ಮಾರಿ ಒಂದ ಅಚ್ಚಿನ್ಯಾಗ ಹೊಯ್ದಂಗ ಐತಲ್ರಿ. ಬೇಲಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತ್ರ ಯಾರಿಗೆ ತಿಳಿಯೂದಿಲ್ಲ?"

"ಮತ್ತ ಯಾಕ ಸುಮ್ಮನಾದ್ರಿ?"

"ನೀವ ಯಾರ್ರಿ ಅಂದ ಮ್ಯಾಲ ನಾ ಏನ್ ಅನ್ಲಿ?" ಅವರೇ ಮುಂದುವರಿಸಿದರು: "ಖರೇ ಹೇಳ್ಲೇನ್ರಿ? ನನಗೂ ಅದ ಅನುಕೂಲ ಆತು. ನನಗ ತಿಳದೈತಿ ಅಂತ ಹೊರಗ ಬಿದ್ದಿದ್ರ, ನಿಮ್ಮನ್ನ ಮನ್ಯಾಗ ಎಲ್ಲಿ ಕುಂಡ್ರಿಸೂದು ಅಂತ ನಮ್ಮವ್ವ ಕೇಳ್ತಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ."

ನಾನು ಅಲ್ಲಿಯೇ ಜೋಳದ ಚೀಲದ ಮೇಲೆ ಕೂತೆ. ಯಾರಿಂದ ಮುಚ್ಚಿಡಲು ಅಣ್ಣನನ್ನು ಯಾರೆಂದು ಕೇಳಿದೆನೋ ಆ ಮನುಷ್ಯನಿಗೆ ಆ ಕ್ಷಣವೇ ತಿಳಿದುಹೋಗಿತ್ತು. ಇವರು ತಿಳಿಯದವರ ಹಾಗೆ ನಟಿಸಿದರು, ನಾನು ತಿಳಿಯಲಿಲ್ಲ ಎಂದು ನಂಬಿದೆ. ಇಬ್ಬರೂ ಆರಾಮವಾಗಿದ್ದೆವು. ನನ್ನ ಮಾತು ಯಾರಿಂದಲೂ ಏನನ್ನೂ ಮುಚ್ಚಲಿಲ್ಲ, ಒಬ್ಬನನ್ನು ಇರಿಯಿತು ಅಷ್ಟೇ.

ಗೋಡೆಯ ಮೇಲೆ ಹಾಕೋಣ, ಆದರೆ ನಾನೀಗ ಆಡಿದ ಮಾತನ್ನು ಬಿಟ್ಟುಬಿಡಿ ಎಂದರು ಸಾಹೇಬರು. ಬಿಡುವುದಿಲ್ಲ ಎಂದು ಅವರಿಗೆ ಹೇಳಿಯೇ ಬಂದೆ. ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಮುಂದಿನ ಹಂಗಾಮಿನ ಜರ್ಸಿಯ ಚಿತ್ರವನ್ನೂ ಕೊಟ್ಟು ಬಂದಿದ್ದೇನೆ. ಬೆನ್ನ ಮೇಲೆ ಯಾವ ಹೆಸರು ಬೇಕೆಂಬುದನ್ನು ಅದನ್ನು ತೊಡುವವಳೇ ಹೇಳಬೇಕು ಎಂದು ಕೆಳಗೆ ಬರೆದಿದ್ದೇನೆ. ಮ್ಯಾನೇಜರ್ ಕೆಲಸವನ್ನು ಬಿಟ್ಟಿದ್ದೇನೆ. ಇದರಿಂದ ನಾನು ದೊಡ್ಡವನಾದೆ ಎಂದು ಯಾರೂ ತಿಳಿಯಬಾರದು. ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ ಬಿಟ್ಟೆ.

ಹೋದ ವಾರ ಮನೋಳಿಗೆ ಹೋದೆ. ಬಸ್ಸಿಳಿದು, ಪೇಟೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ ನಡೆದು ಅಣ್ಣನ ಅಂಗಡಿಯ ಮುಂದೆ ನಿಂತೆ. ಅವನು ತಾಮ್ರದ ತಂತಿ ಸುತ್ತುತ್ತಿದ್ದ. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಸಾಹೇಬ್ರ" ಎಂದ.

ಒಳಗಿನಿಂದ ಕುರ್ಚಿ ತಂದು, ಅದರ ಧೂಳು ಒರೆಸಿ, ನನಗೆ ಹಾಕಿದ. ಕೂತೆ. ಅವನು ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತ. ಬರೆದಿದ್ದೇನೆ, ಒಂದನ್ನೂ ಬಿಡದೆ ಬರೆದಿದ್ದೇನೆ ಎಂದೆ. "ಚಲೋ ಆತ್ರಿ" ಎಂದ. ಅಳು ಬಂತು. ಅವನು ಬೇರೆ ಕಡೆ ನೋಡಿದ. ಪಕ್ಕದ ಹೋಟೆಲಿನಿಂದ ಚಹಾ ತರಿಸಿ, ಮೊದಲು ನನ್ನ ಕೈಗೆ ಕೊಟ್ಟ, ಅತಿಥಿಗೆ ಕೊಡುವ ಹಾಗೆ.

"ಅಣ್ಣಾ, ನೀನೂ ಕುಂದರೋ" ಎಂದೆ. "ನನ್ನ ಮುಂದ ಹಿಂಗ ನಿಂದರಬ್ಯಾಡೋ. ಸಾಹೇಬ್ರ ಅನಬ್ಯಾಡೋ."

ಅವನ ಮಾತಿನಲ್ಲಿ ಚುಚ್ಚುವುದು ಏನೂ ಇರಲಿಲ್ಲ. ಇದ್ದಿದ್ದರೆ ಸಹಿಸಬಹುದಾಗಿತ್ತು.

"ರೂಢಿ ಆಗೇತ್ರಿ" ಎಂದ.

ನಾನು ಎದ್ದೆ. ಕುರ್ಚಿಯನ್ನು ಗೋಡೆಗೆ ಸರಿಸಿದೆ. ಇಬ್ಬರೂ ನಿಂತುಕೊಂಡೇ ಚಹಾ ಕುಡಿದೆವು. ಮುಂದಿನ ವಾರ ಮತ್ತೆ ಹೋಗುತ್ತೇನೆ, ಅದರ ಮುಂದಿನ ವಾರವೂ. ಅವನು ಕೂರುವ ತನಕ ನಾನೂ ಕೂರುವುದಿಲ್ಲ.